ಮಂದ್ರದ ಭಾರ ಹೊತ್ತವರು

ಗಣೇಶನ ಹಬ್ಬದ ರಸಮಂಜರಿ ಕಾರ್ಯಕ್ರಮಗಳಲ್ಲಿ ವೇದಿಕೆಯ ಮುಂದುಗಡೆ ಹಾಡುವವರು ನಿಂತಿರುತ್ತಾರೆ. ಅವರ ಒಂದು ಪಕ್ಕಕ್ಕೆ ಕೀಬೋರ್ಡು, ಇನ್ನೊಂದು ಪಕ್ಕಕ್ಕೆ ತಬಲಾ, ಢೋಲಕ್. ಹಿಂದೆ, ಡ್ರಮ್ಸ್ ಬಾರಿಸುವವನ ಮಗ್ಗುಲಲ್ಲಿ, ಉದ್ದ ಕತ್ತಿನ ನಾಲ್ಕು ತಂತಿಯ ಗಿಟಾರನ್ನು ಹೆಗಲಿಗೆ ತೂಗುಹಾಕಿಕೊಂಡು ಒಬ್ಬಾತ ನಿಂತಿರುತ್ತಾನೆ. ಆತ ನುಡಿಸುತ್ತಿರುವುದು ಏನೆಂದು ಕೇಳಿದರೆ ಸಭೆಯಲ್ಲಿ ಹೆಚ್ಚಿನವರಿಗೆ ಹೇಳಲು ಬಾರದು. ಆದರೆ ಆತ ಕೈ ನಿಲ್ಲಿಸಿದ ಕೂಡಲೇ ಹಾಡು ಬುಡ ಕಳಚಿಕೊಂಡಂತಾಗುವುದು ಎಲ್ಲರಿಗೂ ಗೊತ್ತಾಗುತ್ತದೆ. ಕಿವಿಗಿಂತ ಮೊದಲು ಎದೆಗೆ ತಟ್ಟುವ ಆ ದನಿಯ ವಾದ್ಯವೇ ಬೇಸ್ ಗಿಟಾರ್.

ಈ ವಾದ್ಯಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. ಇದರ ಹಿಂದೆ ರಾಜಾಶ್ರಯವಿಲ್ಲ, ಘರಾಣೆಯಿಲ್ಲ, ಗುರುಪರಂಪರೆಯ ಕಥೆಗಳೂ ಇಲ್ಲ. ರಾತ್ರಿಯೆಲ್ಲ ನುಡಿಸಿ ಕೂಲಿ ಪಡೆದು ಬೆಳಗಿನ ಜಾವ ಮನೆಗೆ ಮರಳುತ್ತಿದ್ದ ಅಮೆರಿಕದ ವಾದಕರ ಎರಡು ದೂರುಗಳಿಂದ ಇದು ಹುಟ್ಟಿತು. ವಾದ್ಯವನ್ನು ಹೊರುವುದು ಕಷ್ಟ ಎಂಬುದು ಒಂದು. ಹೊತ್ತು ತಂದು ನುಡಿಸಿದರೂ ಯಾರಿಗೂ ಕೇಳಿಸುವುದಿಲ್ಲ ಎಂಬುದು ಇನ್ನೊಂದು. ಬೇಸ್ ಗಿಟಾರಿನ ತಂತಿ, ಪಿಕಪ್, ಆಂಪ್ಲಿಫಯರ್, ಸ್ಪೀಕರ್ ಪೆಟ್ಟಿಗೆ, ಕೊನೆಗೆ ತಂತಿಯ ಕೆಳಗೆ ತುರುಕುವ ಸ್ಪಂಜಿನ ಚೂರಿನವರೆಗೆ ಪ್ರತಿಯೊಂದು ಸಲಕರಣೆಯೂ ಈ ಎರಡು ದೂರುಗಳಲ್ಲಿ ಒಂದಕ್ಕೆ ಕೊಟ್ಟ ಉತ್ತರ. ವಿಚಿತ್ರವೆಂದರೆ ಒಂದು ದೂರಿಗೆ ಉತ್ತರ ದೊರೆತಾಗಲೆಲ್ಲ ಇನ್ನೊಂದು ದೂರು ಹೊಸ ರೂಪದಲ್ಲಿ ಮರಳಿ ಬಂದಿದೆ.

ಕಾರಿನಲ್ಲಿ ಒಬ್ಬಂಟಿ

ಬೇಸ್ ಗಿಟಾರಿಗೆ ಮೊದಲು ಈ ಕೆಲಸ ಮಾಡುತ್ತಿದ್ದುದು ಡಬಲ್ ಬೇಸ್. ಪಿಟೀಲಿನ ಕುಟುಂಬದ ಹಿರಿಯಣ್ಣನಂತಿರುವ ಇದು ಆಳೆತ್ತರದ ವಾದ್ಯ. ನೆಲಕ್ಕೆ ಊರಿ, ನಿಂತುಕೊಂಡು, ತಬ್ಬಿ ಹಿಡಿದು ನುಡಿಸಬೇಕು. ಇದರ ತಂತಿಯ ನುಡಿಯುವ ಭಾಗದ ಉದ್ದವೇ ಸುಮಾರು 42 ಅಂಗುಲ. 1930ರ ದಶಕದ ಅಮೆರಿಕದಲ್ಲಿ ನೃತ್ಯಮಂದಿರಗಳ ವಾದ್ಯತಂಡಗಳು ಊರಿಂದೂರಿಗೆ ಕಾರುಗಳಲ್ಲಿ ತಿರುಗುತ್ತಿದ್ದವು. ಹತ್ತಾರು ಕಹಳೆ, ಸ್ಯಾಕ್ಸೊಫೋನುಗಳು ಮೊಳಗುವಾಗ ಈ ಮರದ ಪೆಟ್ಟಿಗೆಯ ತಗ್ಗಿದ ದನಿ ಎರಡನೆಯ ಸಾಲಿಗೂ ತಲುಪುತ್ತಿರಲಿಲ್ಲ.

ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಒಬ್ಬ ಗಾಯಕ, ಗಿಟಾರ್ ಶಿಕ್ಷಕ ಮತ್ತು ವಾದ್ಯತಂಡದ ನಾಯಕ. ಅವನ ಮಗ ಮುಂದೆ ನೆನಪಿಸಿಕೊಂಡಂತೆ, ತಂಡದ ಬೇಸ್ ವಾದಕನ ಪಾಡು ಕಂಡು ಟಟ್‌ಮಾರ್ಕ್‌ಗೆ ಮರುಕವಾಗುತ್ತಿತ್ತು. ಉಳಿದವರೆಲ್ಲ ಒಂದು ಕಾರಿನಲ್ಲಿ ಹರಟುತ್ತ, ನಗುತ್ತ ಹೋಗುವಾಗ ಬೇಸ್ ವಾದಕ ಮಾತ್ರ ತನ್ನ ಕಾರಿನಲ್ಲಿ ಒಬ್ಬನೇ. ವಾದ್ಯವನ್ನು ಒಳಗೆ ತೂರಿಸಿದ ಮೇಲೆ ಚಾಲಕನಿಗೆ ಬಿಟ್ಟು ಬೇರೆ ಯಾರಿಗೂ ಜಾಗ ಇರುತ್ತಿರಲಿಲ್ಲ.

ಸುಮಾರು 1936ರಲ್ಲಿ ಟಟ್‌ಮಾರ್ಕ್ ತನ್ನ ಆಡಿಯೋವಾಕ್ಸ್ ಕಂಪನಿಯ ಹೆಸರಿನಲ್ಲಿ 736 ಎಂಬ ಮಾದರಿಯನ್ನು ಮಾರಾಟಕ್ಕಿಟ್ಟ. ಗಟ್ಟಿ ಮರದ ಹಲಗೆಯಂಥ ಮೈ, ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ ರೀತಿ, ವೀಣೆಯ ಮೆಟ್ಟಿಲುಗಳ ಹಾಗೆ ಸ್ವರಸ್ಥಾನ ತೋರಿಸುವ ಲೋಹದ ಫ್ರೆಟ್ಟುಗಳು, ತಂತಿಯ ಕಂಪನವನ್ನು ವಿದ್ಯುತ್ತಾಗಿ ಪರಿವರ್ತಿಸುವ ಪಿಕಪ್ ಎಲ್ಲವೂ ಅದರಲ್ಲಿದ್ದವು. ಇಂದಿನ ಬೇಸ್ ಗಿಟಾರಿನ ಎಲ್ಲ ಲಕ್ಷಣಗಳಿದ್ದರೂ ಅದು ನಡೆಯಲಿಲ್ಲ. ಆಗಿನ ಆಂಪ್ಲಿಫಯರುಗಳಿಗೆ ಅಷ್ಟು ತಗ್ಗಿದ ದನಿಯನ್ನು ತಾಳುವ ಶಕ್ತಿ ಇರಲಿಲ್ಲ. ಹೊರೆಯ ಸಮಸ್ಯೆ ಬಗೆಹರಿದಿತ್ತು, ಕೇಳಿಸುವ ಸಮಸ್ಯೆ ಹಾಗೆಯೇ ಉಳಿಯಿತು.

ರೇಡಿಯೋ ರಿಪೇರಿಯವನ ಉಪಾಯ

ಹದಿನೈದು ವರ್ಷಗಳ ನಂತರ ಇದೇ ಸಮಸ್ಯೆಗೆ ಕೈಹಾಕಿದವನು ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್ ಊರಿನ ಲಿಯೋ ಫೆಂಡರ್. 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದಿದ್ದ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ನುಡಿಸುವವರ ಗೊಣಗಾಟವನ್ನು ಗಮನವಿಟ್ಟು ಕೇಳುವ ಗುಣ ಅವನಲ್ಲಿತ್ತು. ವಾದಕರು ಕೆಟ್ಟುಹೋದ ಆಂಪ್ಲಿಫಯರುಗಳನ್ನು ಅವನ ಅಂಗಡಿಗೆ ತರುತ್ತಿದ್ದರು. ಏನು ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದೇ ಅವನ ವಿದ್ಯಾಭ್ಯಾಸವಾಯಿತು.

1951ರಲ್ಲಿ ಅವನು ಹೊರತಂದ ವಾದ್ಯದ ಹೆಸರು ‘ಪ್ರಿಸಿಷನ್ ಬೇಸ್’. ಈ ಹೆಸರಿಗೆ ಕಾರಣವಿದೆ. ಡಬಲ್ ಬೇಸಿನಲ್ಲಿ ಪಿಟೀಲಿನಂತೆ ಫ್ರೆಟ್ ಇರುವುದಿಲ್ಲ. ಬೆರಳು ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ಫ್ರೆಟ್ ಇದ್ದರೆ ಸ್ವರ ನಿಖರವಾಗಿ ಬರುತ್ತದೆ. ಗಿಟಾರ್ ಬಲ್ಲ ಯಾರೇ ಆದರೂ ಇದನ್ನು ನುಡಿಸಬಹುದು. ಎರಡು ವಾದ್ಯ ಬಲ್ಲ ವಾದಕನಿಗೆ ಹೆಚ್ಚು ಕೆಲಸ ಸಿಗುವ ಕಾಲದಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಆಗಿತ್ತು. ತಂತಿಯ ಉದ್ದವನ್ನು ಫೆಂಡರ್ 34 ಅಂಗುಲಕ್ಕೆ ಇಳಿಸಿದ. ಅದಕ್ಕಿಂತ ಮೋಟಾದರೆ ದನಿ ಸಡಿಲವಾಗುತ್ತದೆ, ಉದ್ದವಾದರೆ ಕೈಗೆ ಎಟಕುವುದಿಲ್ಲ. ಇಂದಿಗೂ ಹೆಚ್ಚಿನ ಬೇಸ್ ಗಿಟಾರುಗಳ ಅಳತೆ ಇದೇ.

ಜಾಝ್ ವಾದಕರು ಈ ಹೊಸ ಹಲಗೆಯನ್ನು ಮೊದಲು ಆಟಿಕೆಯೆಂದು ನಕ್ಕರು. ಲಯೊನೆಲ್ ಹ್ಯಾಂಪ್ಟನ್ ತಂಡದ ಮಂಕ್ ಮಾಂಟ್‌ಗೊಮರಿಗೆ ನಾಯಕ ಇದನ್ನು ಕೊಟ್ಟಾಗ ಆತನಿಗೂ ಮನಸ್ಸಿರಲಿಲ್ಲ. ಆದರೆ ದಿನವೂ ನುಡಿಸಿ ಒಲಿಸಿಕೊಂಡ. 1953ರ ಜುಲೈಯಲ್ಲಿ ಆರ್ಟ್ ಫಾರ್ಮರ್ ತಂಡದೊಂದಿಗೆ ಮಂಕ್ ನುಡಿಸಿದ ಧ್ವನಿಮುದ್ರಣವು ಬೇಸ್ ಗಿಟಾರಿನ ಮೊದಮೊದಲ ದಾಖಲೆಗಳಲ್ಲಿ ಒಂದು. ಹತ್ತು ವರ್ಷ ಕಳೆಯುವಷ್ಟರಲ್ಲಿ ವಾದಕರ ಬಾಯಲ್ಲಿ, ರೆಕಾರ್ಡುಗಳ ಹೊದಿಕೆಯ ಮೇಲೆ, ಈ ಜಾತಿಯ ವಾದ್ಯಕ್ಕೆಲ್ಲ ‘ಫೆಂಡರ್ ಬೇಸ್’ ಎಂಬುದೇ ಸಾಮಾನ್ಯ ನಾಮವಾಯಿತು.

ಇಪ್ಪತ್ತೇಳು ಅಡಿಯ ಅಲೆ

ಹೊರೆ ಇಳಿಯಿತು. ಕೇಳಿಸುವುದು ಹೇಗೆ? ಇಲ್ಲಿ ಸ್ವಲ್ಪ ಭೌತವಿಜ್ಞಾನ ಅಗತ್ಯ. ಬೇಸ್ ಗಿಟಾರಿನ ಅತಿ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮನುಷ್ಯನ ಕಿವಿಗೆ ಕೇಳುವ ಕನಿಷ್ಠ ಮಿತಿಯೇ 20ರ ಆಸುಪಾಸು. ಆ ದನಿಯ ಒಂದು ಅಲೆಯ ಉದ್ದ ಗಾಳಿಯಲ್ಲಿ 8 ಮೀಟರಿಗಿಂತ ಹೆಚ್ಚು, ಅಂದರೆ ಸುಮಾರು 27 ಅಡಿ. ಅಷ್ಟು ದೊಡ್ಡ ಅಲೆಯನ್ನು ಎಬ್ಬಿಸಬೇಕಾದರೆ ಬಹಳ ಗಾಳಿಯನ್ನು ತಳ್ಳಬೇಕು. ತಳ್ಳಲು ಅಗಲವಾದ ಸ್ಪೀಕರ್, ಹಿಂದೆ ಗಟ್ಟಿಮುಟ್ಟಾದ ಪೆಟ್ಟಿಗೆ, ಅದಕ್ಕೆ ತಕ್ಕ ವಿದ್ಯುತ್ ಬಲ ಬೇಕು. ಸಾಲದ್ದಕ್ಕೆ ನಮ್ಮ ಕಿವಿ ಮಧ್ಯಮ ಸ್ವರಗಳಿಗೆ ಚುರುಕು, ಮಂದ್ರಕ್ಕೆ ಮಂದ. ಗಿಟಾರ್ ವಾದಕನಿಗೆ ಸಾಕಾಗುವ ಶಕ್ತಿಯ ಹಲವು ಪಟ್ಟು ಬೇಸ್ ವಾದಕನಿಗೆ ಬೇಕಾಗುವುದು ಇದರಿಂದಲೇ.

ಈ ದಿಕ್ಕಿನಲ್ಲಿ ಮೊದಲು ಹೆಜ್ಜೆಯಿಟ್ಟ ಎವರೆಟ್ ಹಲ್ ಸ್ವತಃ ಬೇಸ್ ವಾದಕ. ಡಬಲ್ ಬೇಸ್ ನೆಲಕ್ಕೆ ಊರುವ ಗೂಟದೊಳಗೆ ಒಂದು ಮೈಕನ್ನು ಕೂರಿಸಿ 1940ರ ದಶಕದಲ್ಲಿ ಅವನು ದನಿ ಹೆಚ್ಚಿಸಿದ. ‘ಆಂಪ್ಲಿಫೈಡ್ ಪೆಗ್’, ಅಂದರೆ ದನಿ ಹೆಚ್ಚಿಸಿದ ಗೂಟ, ಎಂಬ ಮಾತೇ ಕುಗ್ಗಿ ‘ಆಂಪೆಗ್’ ಎಂಬ ಕಂಪನಿಯ ಹೆಸರಾಯಿತು. ಇತ್ತ ಫೆಂಡರ್ 1952ರಲ್ಲಿ ತನ್ನ ವಾದ್ಯಕ್ಕೆ ಜೋಡಿಯಾಗಿ ‘ಬೇಸ್‌ಮನ್’ ಆಂಪ್ಲಿಫಯರ್ ತಂದ. ಅದರ ದಶಕಾಂತ್ಯದ ಮಾದರಿಯಲ್ಲಿ ಹತ್ತು ಅಂಗುಲದ ನಾಲ್ಕು ಸ್ಪೀಕರುಗಳಿದ್ದವು. ಜೋರಾಗಿ ತಿರುಗಿಸಿದರೆ ದನಿ ಒಡೆದು ಗೊರಗುಟ್ಟುತ್ತಿತ್ತು. ಬೇಸಿಗೆ ಅದು ದೋಷ. ಆದರೆ ಗಿಟಾರ್ ವಾದಕರಿಗೆ ಆ ಗೊರಗೊರವೇ ಹಿಡಿಸಿತು. ಲಂಡನ್ನಿನಲ್ಲಿ ಜಿಮ್ ಮಾರ್ಷಲ್ 1962ರಲ್ಲಿ ತನ್ನ ಮೊದಲ ಆಂಪ್ಲಿಫಯರನ್ನು ಕಟ್ಟಿದ್ದು ಇದೇ ಬೇಸ್‌ಮನ್‌ನ ಮಂಡಲವನ್ನು ನೋಡಿಕೊಂಡು. ರಾಕ್ ಸಂಗೀತದ ಗಿಟಾರಿನ ಗರ್ಜನೆ ಹುಟ್ಟಿದ್ದು ಬೇಸ್ ವಾದಕನಿಗೆಂದು ಮಾಡಿದ ಪೆಟ್ಟಿಗೆಯಿಂದ. ಬೇಸ್ ವಾದಕ ಮಾತ್ರ ಮತ್ತೆ ಬರಿಗೈಯಲ್ಲಿ ನಿಂತ.

ಅವನ ನೆರವಿಗೆ ಬಂದದ್ದು 1960ರಲ್ಲಿ ಆಂಪೆಗ್ ಕಂಪನಿಯ ಜೆಸ್ ಆಲಿವರ್ ರೂಪಿಸಿದ ‘ಪೋರ್ಟಾಫ್ಲೆಕ್ಸ್ ಬಿ-15’. ಹದಿನೈದು ಅಂಗುಲದ ಒಂದೇ ಸ್ಪೀಕರ್. ಹೊಲಿಗೆ ಯಂತ್ರವನ್ನು ಮೇಜಿನೊಳಕ್ಕೆ ಮಡಚಿಡುವಂತೆ ಇದರ ಆಂಪ್ಲಿಫಯರನ್ನು ತಲೆಕೆಳಗಾಗಿ ಮಗುಚಿ ಪೆಟ್ಟಿಗೆಯೊಳಗೇ ಕೂರಿಸಬಹುದಿತ್ತು. ಗಾಜಿನ ವಾಲ್ವುಗಳು ಒಡೆಯುವ ಭಯವಿಲ್ಲ. ಉರುಳಿಸಿಕೊಂಡು ಹೋಗಲು ಅಡಿಯಲ್ಲಿ ಗಾಲಿ. ಶಕ್ತಿ ಕೇವಲ 25 ವ್ಯಾಟಿನ ಆಸುಪಾಸು. ಆದರೆ ಧ್ವನಿಮುದ್ರಣ ಮಂದಿರಗಳಲ್ಲಿ ಅದರ ದುಂಡಗಿನ ದನಿಗೆ ಸಮನಾದುದು ಇರಲಿಲ್ಲ. ವಾದಕನಾಗಿದ್ದವನು ಕಟ್ಟಿದ ಕಂಪನಿಗೆ ಹೊರುವವನ ಸೊಂಟದ ನೋವು ಗೊತ್ತಿದ್ದುದರ ಗುರುತು ಅದು.

ಹತ್ತು ವರ್ಷ ಕಳೆಯುವುದರೊಳಗೆ ಕಾಲ ಬದಲಾಯಿತು. ರಾಕ್ ಸಂಗೀತ ಕ್ರೀಡಾಂಗಣಗಳಿಗೆ ಕಾಲಿಟ್ಟಿತು. ವೇದಿಕೆಯ ಧ್ವನಿವರ್ಧಕಗಳು ಆಗ ಗಾಯಕರ ದನಿಗಷ್ಟೇ ಮೀಸಲು. ಬೇಸಿನ ದನಿ ಅದರ ಪೆಟ್ಟಿಗೆಯಿಂದಲೇ ಸಾವಿರಾರು ಜನರನ್ನು ತಲುಪಬೇಕಿತ್ತು. 1969ರಲ್ಲಿ ಆಂಪೆಗ್ 300 ವ್ಯಾಟಿನ ‘ಎಸ್‌ವಿಟಿ’ಯನ್ನು ತಯಾರಿಸಿತು. ರೋಲಿಂಗ್ ಸ್ಟೋನ್ಸ್ ತಂಡ ಆ ವರ್ಷದ ಅಮೆರಿಕ ಪ್ರವಾಸದಲ್ಲಿ ಇದರ ಮೊದಲ ಪ್ರತಿಗಳನ್ನು ಬಳಸಿತು. ಆಂಪ್ಲಿಫಯರೊಂದೇ ಸುಮಾರು 38 ಕಿಲೋ. ಅದಕ್ಕೆ ಎಂಟೆಂಟು ಸ್ಪೀಕರುಗಳ ಪೆಟ್ಟಿಗೆಗಳು, ಒಬ್ಬನಿಂದ ಎತ್ತಲಾಗದಂಥವು. ವಾದಕರು ಅದಕ್ಕೆ ಇಟ್ಟ ಅಡ್ಡಹೆಸರು ‘ಫ್ರಿಜ್’. ಕೇಳಿಸುವ ಸಮಸ್ಯೆ ಬಗೆಹರಿಯಿತು, ಹೊರೆ ಮಾತ್ರ ಮೊದಲಿಗಿಂತ ಹೆಚ್ಚಾಯಿತು. ಹೆಸರಾದ ತಂಡಗಳಿಗೆ ಹೊರಲು ಆಳುಗಳಿದ್ದರು; ಹೋಟೆಲು, ಮದುವೆಮನೆಗಳಲ್ಲಿ ನುಡಿಸುವವನಿಗೆ ತನ್ನ ಬೆನ್ನೇ ಗತಿ.

ಹಳೆಯ ತಂತಿ, ಹೊಸ ತಂತಿ

ಬೇಸ್ ವಾದಕರು ಎಲ್ಲಿ ಸೇರಿದರೂ ಮುಗಿಯದ ವಾದವೊಂದಿದೆ: ತಂತಿ ಎಂಥದಿರಬೇಕು? ನಡುವಿನ ಉಕ್ಕಿನ ಎಳೆಯ ಮೇಲೆ ಚಪ್ಪಟೆ ಪಟ್ಟಿಯನ್ನು ಸುತ್ತಿದರೆ ‘ಫ್ಲಾಟ್‌ವೌಂಡ್’. ಮೈ ನುಣುಪು, ದನಿ ಗುಂಭ, ಬೇಗ ಅಡಗುತ್ತದೆ. ದುಂಡು ತಂತಿಯನ್ನೇ ಸುತ್ತಿದರೆ ‘ರೌಂಡ್‌ವೌಂಡ್’. ಮೈ ತರಿತರಿ, ದನಿ ಗಂಟೆಯಂತೆ ಮೊಳಗಿ ಬಹಳ ಹೊತ್ತು ನಿಲ್ಲುತ್ತದೆ. ಮೊದಲ ದಶಕದಲ್ಲಿ ಚಪ್ಪಟೆ ತಂತಿಯದೇ ರಾಜ್ಯ. ಡಬಲ್ ಬೇಸಿನ ‘ದುಮ್’ ಎಂಬ ನಾದ ಬೇಕೆಂದು ಫೆಂಡರ್ ಕಂಪನಿ ವಾದ್ಯದ ಕುದುರೆಯ ಮೇಲಿನ ಲೋಹದ ಮುಚ್ಚಳದೊಳಗೆ ಸ್ಪಂಜನ್ನು ಇಟ್ಟೇ ಮಾರುತ್ತಿತ್ತು. ಸ್ಪಂಜು ತಂತಿಯನ್ನು ಒತ್ತಿ ನಾದವನ್ನು ಮೊಟಕುಗೊಳಿಸುತ್ತಿತ್ತು. ಹಲವರು ಮುಚ್ಚಳ ಕಿತ್ತು ಸಿಗರೇಟಿನ ಬೂದಿ ಉದುರಿಸಲು ಬಳಸಿದ್ದರಿಂದ ಅದಕ್ಕೆ ‘ಆಷ್‌ಟ್ರೇ’ ಎಂದೇ ಹೆಸರಾಯಿತು. ಲಾಸ್ ಏಂಜಲೀಸಿನ ಸ್ಟುಡಿಯೋಗಳಲ್ಲಿ ಅಸಂಖ್ಯ ಹಾಡುಗಳಿಗೆ ನುಡಿಸಿದ ಕ್ಯಾರಲ್ ಕೇ, ಉಣ್ಣೆಯ ಫೆಲ್ಟಿನ ತುಂಡೊಂದನ್ನು ತಂತಿಗೆ ಒತ್ತಿ, ಪಿಕ್ಕಿನಿಂದ ಮೀಟಿ ತನ್ನದೇ ಖಚಿತ ದನಿಯನ್ನು ಕಂಡುಕೊಂಡಳು.

ಚಪ್ಪಟೆ ತಂತಿಯ ಮಹಾಶಿಲ್ಪಿ ಜೇಮ್ಸ್ ಜೇಮರ್ಸನ್. ಡೆಟ್ರಾಯಿಟಿನ ಮೋಟೌನ್ ಕಂಪನಿಯ ಒಂದು ಮನೆಯ ಸ್ಟುಡಿಯೋದಲ್ಲಿ 1960ರ ದಶಕದುದ್ದಕ್ಕೂ ಆತ ನೂರಾರು ಹಾಡುಗಳಿಗೆ ನುಡಿಸಿದ. ಸಲಕರಣೆ ಎಂದರೆ 1962ರ ಒಂದು ಪ್ರಿಸಿಷನ್ ಬೇಸ್, ಲಾ ಬೆಲ್ಲಾ ಕಂಪನಿಯ ದಪ್ಪ ಚಪ್ಪಟೆ ತಂತಿಗಳು, ಮುಚ್ಚಳದಡಿಯ ಸ್ಪಂಜು, ಬಲಗೈಯ ತೋರುಬೆರಳು, ಇಷ್ಟೇ. ಒಂದೇ ಬೆರಳಿನಿಂದ ಮೀಟುತ್ತಿದ್ದುದರಿಂದ ಆ ಬೆರಳಿಗೆ ‘ಕೊಕ್ಕೆ’ ಎಂಬ ಅಡ್ಡಹೆಸರಿತ್ತು. ತಂತಿ ಕಡಿದರೆ ಹೊರತು ಬದಲಿಸುತ್ತಿರಲಿಲ್ಲ. ಹಳತಾದಷ್ಟೂ ಅದರಲ್ಲಿ ಸತ್ವ ಕೂಡುತ್ತದೆ ಎಂಬುದು ಆತನ ನಂಬಿಕೆ. ಸ್ಟುಡಿಯೋದಲ್ಲಿ ಆಂಪ್ಲಿಫಯರಿನ ಮುಂದೆ ಮೈಕ್ ಇಡುವ ಬದಲು ವಾದ್ಯದ ತಂತಿಯನ್ನು ‘ಡಿ.ಐ.’ ಎಂಬ ಸಣ್ಣ ಡಬ್ಬಿಯ ಮೂಲಕ ನೇರವಾಗಿ ಧ್ವನಿಮುದ್ರಣ ಯಂತ್ರಕ್ಕೆ ಜೋಡಿಸುತ್ತಿದ್ದರು. ಪಿಕಪ್ಪಿನ ದುರ್ಬಲ ಸಂಕೇತವನ್ನು ಯಂತ್ರಕ್ಕೆ ಒಗ್ಗುವಂತೆ ಮಾಡುವ ಟ್ರಾನ್ಸ್‌ಫಾರ್ಮರ್ ಅದರಲ್ಲಿರುತ್ತಿತ್ತು. ಆ ಡಬ್ಬಿಯಿಂದಾಗಿ ಬೇಸಿನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳತೊಡಗಿತು.

ಅಟ್ಲಾಂಟಿಕ್ಕಿನ ಆಚೆ ದಡದಲ್ಲಿ ವಾದಕ್ಕೆ ಬೇರೆ ಉತ್ತರ ಸಿಕ್ಕಿತು. ‘ದಿ ಹೂ’ ತಂಡದ ಜಾನ್ ಎಂಟ್‌ವಿಸಲ್ 1965ರ ‘ಮೈ ಜನರೇಷನ್’ ಹಾಡಿನಲ್ಲಿ ಬೇಸಿಗೆ ಒಂಟಿ ವಾದನದ ಅವಕಾಶ ಪಡೆದ. ಆತನೇ ಹೇಳಿಕೊಂಡಂತೆ, ಡ್ಯಾನೆಲೆಕ್ಟ್ರೋ ಎಂಬ ಬೇಸಿನ ತೆಳು ತಂತಿಯ ಮೊಳಗು ಆ ಹಾಡಿಗೆ ಬೇಕಿತ್ತು. ಆದರೆ ತಂತಿ ಕಡಿಯುತ್ತಿತ್ತು, ಬಿಡಿ ತಂತಿ ಲಂಡನ್ನಿನಲ್ಲಿ ದೊರೆಯುತ್ತಿರಲಿಲ್ಲ. ಒಂದೊಂದು ತಂತಿಗೂ ಒಂದೊಂದು ಹೊಸ ವಾದ್ಯ ಕೊಂಡು ಸೋತು, ಕೊನೆಗೆ ಫೆಂಡರಿನಲ್ಲಿ ಚಪ್ಪಟೆ ತಂತಿಯಿಂದಲೇ ನುಡಿಸಿ ಮುಗಿಸಿದ. ಮರುವರ್ಷ, 1966ರಲ್ಲಿ, ಇಂಗ್ಲೆಂಡಿನ ತಂತಿ ತಯಾರಕ ಕಂಪನಿ ರೋಟೋಸೌಂಡ್‌ನೊಂದಿಗೆ ಕುಳಿತು ತನಗೆ ಬೇಕಾದ ದುಂಡು ಸುತ್ತಿನ ತಂತಿಯನ್ನು ಮಾಡಿಸಿಕೊಂಡ. ಬೇಸ್ ಗಿಟಾರ್ ಹಿಂದಿನ ಸಾಲಿನಿಂದ ಮುಂದಕ್ಕೆ ಬರಲು ಆ ತಂತಿಯೇ ದಾರಿ ಮಾಡಿತು.

ಆದರೆ ಹೊಸ ತಂತಿಗೆ ಹೊಸ ಖರ್ಚು. ದುಂಡು ಸುತ್ತಿನ ಸಂದುಗಳಲ್ಲಿ ಬೆವರು, ಕೊಳೆ ಸೇರಿ ಕೆಲವೇ ವಾರಗಳಲ್ಲಿ ಮೊಳಗು ಮಂಕಾಗುತ್ತದೆ. ಪದೇ ಪದೇ ಹೊಸ ತಂತಿ ಕೊಳ್ಳಲಾಗದ ವಾದಕರು ಹಳೆಯ ತಂತಿಯನ್ನು ಬಿಚ್ಚಿ ಸುರುಳಿ ಸುತ್ತಿ ನೀರಿನಲ್ಲಿ ಕುದಿಸುವ ಪದ್ಧತಿ ಲೋಕದೆಲ್ಲೆಡೆ ಇದೆ. ಕೊಳೆ ಕಳಚಿ ದನಿ ಒಂದಷ್ಟು ದಿನ ಮರಳಿ ಬರುತ್ತದೆ. ಅಕ್ಕಿ ಬೇಯುವ ಒಲೆಯ ಮೇಲೆಯೇ ತಂತಿಯೂ ಬೇಯುವುದು ಈ ಕಸುಬಿನ ಬಡತನವನ್ನೂ ಜಾಣತನವನ್ನೂ ಒಟ್ಟಿಗೆ ಹೇಳುತ್ತದೆ.

ಕತ್ತಿನ ಮರ ಬೀಟೆ

ತರಿತರಿಯಾದ ತಂತಿ ಫ್ರೆಟ್ಟುಗಳನ್ನು ಸವೆಸುತ್ತದೆ. ಫ್ರೆಟ್ ಇಲ್ಲದಿದ್ದರೆ ಮರವನ್ನೇ ತಿನ್ನುತ್ತದೆ. ಫ್ಲಾರಿಡಾದ ಜಾಕೋ ಪಾಸ್ಟೋರಿಯಸ್ ಎದುರಿಸಿದ್ದು ಈ ತೊಂದರೆಯನ್ನೇ. 1962ರ ಫೆಂಡರ್ ಜಾಝ್ ಬೇಸಿನ ಫ್ರೆಟ್ಟುಗಳನ್ನು ಕಿತ್ತು, ಸಂದುಗಳನ್ನು ತುಂಬಿ, ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಅದರ ಮೇಲೆ ಲೇಪಿಸಿದ. ಕಡಲತೀರದ ಊರಿನಲ್ಲಿ ದೋಣಿಯ ಬಣ್ಣ ಸುಲಭವಾಗಿ ಸಿಗುವ ವಸ್ತು. ಗಾಜಿನಷ್ಟು ಗಟ್ಟಿಯಾದ ಆ ಲೇಪದ ಮೇಲೆ ರೋಟೋಸೌಂಡ್ ತಂತಿ ಮನುಷ್ಯನ ಕಂಠದಂತೆ ಹಾಡಿತು. 1976ರ ಆತನ ಮೊದಲ ಧ್ವನಿಮುದ್ರಿಕೆ ಬಂದ ಮೇಲೆ ಬೇಸ್ ಗಿಟಾರಿನಿಂದ ಏನು ಸಾಧ್ಯ ಎಂಬ ಕಲ್ಪನೆಯೇ ಬದಲಾಯಿತು. ಫೆಂಡರ್ ಫ್ರೆಟ್ಟುಗಳನ್ನು ತಂದದ್ದು ಸ್ವರ ನಿಖರವಾಗಲೆಂದು. ಪಾಸ್ಟೋರಿಯಸ್ ಕಿತ್ತದ್ದು ಗಮಕ ಬರಲೆಂದು. ಪಿಟೀಲನ್ನೂ ವೀಣೆಯನ್ನೂ ಅಕ್ಕಪಕ್ಕದಲ್ಲಿ ಕೇಳಿ ಬಲ್ಲ ನಮ್ಮವರಿಗೆ ಈ ಜಗ್ಗಾಟ ಹೊಸದಲ್ಲ.

ಬೆರಳು ಓಡಾಡುವ ಆ ಮರದಲ್ಲಿ ನಮ್ಮ ನೆಲದ ಪಾಲೂ ಇದೆ. ಫೆಂಡರ್ ಕಂಪನಿ 1959ರಿಂದ ವಾದ್ಯದ ಕತ್ತಿನ ಮೇಲೆ ಬ್ರೆಜಿಲಿನ ರೋಸ್‌ವುಡ್ ಹಲಗೆಯನ್ನು ಬಳಸತೊಡಗಿತು. ಬ್ರೆಜಿಲಿನ ಮರ ದುರ್ಲಭವಾಗುತ್ತ ಬಂದಂತೆ ಗಿಟಾರ್ ತಯಾರಕರು ಕಣ್ಣು ಹಾಯಿಸಿದ್ದು ಭಾರತದ ರೋಸ್‌ವುಡ್ ಕಡೆಗೆ. ಅದು ಬೇರೆ ಯಾವುದೂ ಅಲ್ಲ, ಪಶ್ಚಿಮಘಟ್ಟದ ಕಾಡುಗಳ ಬೀಟೆ ಮರ. ಮಲೆನಾಡಿನ ಹಳೆಯ ಮನೆಗಳ ಮಂಚ, ಪೆಟ್ಟಿಗೆಗಳಲ್ಲಿ ಕಾಣುವ ಕಪ್ಪು ನೇರಳೆ ಬಣ್ಣದ ಮರವೇ ಅಮೆರಿಕ, ಜಪಾನಿನ ಕಾರ್ಖಾನೆಗಳಲ್ಲಿ ಸ್ವರಗಳಿಗೆ ಹಾಸುಗಲ್ಲಾಯಿತು. ಬೀಟೆಯ ಕುಲದ ಮರಗಳೆಲ್ಲ 2017ರ ಜನವರಿಯಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಬಂದವು. ಗಿಟಾರ್ ಮಾರುವುದಕ್ಕೂ ಪರವಾನಗಿ ಬೇಕಾಯಿತು. ಸಿದ್ಧವಾದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ದೊರೆಯಿತು. ಅಷ್ಟರಲ್ಲಿ ಹಲವು ತಯಾರಕರು ಬೇರೆ ಮರಗಳತ್ತ ಹೊರಳಿದ್ದರು.

ಟ್ರಾನ್ಸಿಸ್ಟರಿನಲ್ಲಿ ಕೇಳದ ದನಿ

ಭಾರತದ ಸಿನಿಮಾ ಸಂಗೀತಕ್ಕೂ ಬೇಸ್ ಗಿಟಾರ್ ಬೇಗನೇ ಬಂತು. ಮುಂಬಯಿಯಲ್ಲಿ ಆರ್.ಡಿ. ಬರ್ಮನ್ ಅವರ ವಾದ್ಯವೃಂದದಲ್ಲಿ ಟೋನಿ ವಾಜ್ ಬೇಸ್ ನುಡಿಸುತ್ತಿದ್ದರು. ಮದ್ರಾಸಿನಲ್ಲಿ ಇಳಯರಾಜ ಬೇಸಿಗೆ ಇನ್ನೂ ದೊಡ್ಡ ಸ್ಥಾನ ಕೊಟ್ಟರು. ಅವರ ಹಾಡುಗಳಲ್ಲಿ ಬೇಸ್ ಬರಿಯ ತಾಳಕ್ಕೆ ತಲೆಯಾಡಿಸುವ ವಾದ್ಯವಲ್ಲ, ಗಾಯಕರ ಕೆಳಗೆ ತನ್ನದೇ ಹಾಡು ಹೇಳುವ ಎರಡನೆಯ ಕಂಠ. ಶಂಕರ್‌ನಾಗ್ ನಿರ್ದೇಶನದ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಿದರೆ ಕನ್ನಡಿಗರಿಗೂ ಇದು ಮನದಟ್ಟಾಗುತ್ತದೆ.

‘ಒಳ್ಳೆಯ ಸ್ಪೀಕರಿನಲ್ಲಿ’ ಎಂಬ ಷರತ್ತು ಮುಖ್ಯ. ಆ ಹಾಡುಗಳು ಬಂದಾಗ ಜನ ಅವನ್ನು ಕೇಳಿದ್ದು ಅಂಗೈಯಗಲದ ಸ್ಪೀಕರಿನ ಟ್ರಾನ್ಸಿಸ್ಟರುಗಳಲ್ಲಿ. ಆ ಸ್ಪೀಕರಿಗೆ 27 ಅಡಿಯ ಅಲೆಯನ್ನು ಎಬ್ಬಿಸುವ ತಾಕತ್ತು ಇರಲಿಲ್ಲ. ಆದರೂ ಬೇಸ್ ಪೂರ್ತಿ ಮಾಯವಾಗುತ್ತಿರಲಿಲ್ಲ. ತಂತಿ ಮೂಲಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ವೇಗದ ಉಪಸ್ವರಗಳನ್ನೂ ಹೊರಡಿಸುತ್ತದೆ. ಅವಷ್ಟೇ ಕಿವಿಗೆ ಬಿದ್ದರೂ ಮಿದುಳು ಲೆಕ್ಕಹಾಕಿ ಇಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಕೇಳುಗರು ಬೇಸ್ ಕೇಳಿದ್ದಕ್ಕಿಂತ ಊಹಿಸಿಕೊಂಡದ್ದೇ ಹೆಚ್ಚು. ಹೆಡ್‌ಫೋನುಗಳು, ಕಾರಿನ ದೊಡ್ಡ ಸ್ಪೀಕರುಗಳು ಬಂದ ಮೇಲೆ ಹಳೆಯ ಹಾಡುಗಳಲ್ಲಿ ಹೊಸದೊಂದು ವಾದ್ಯ ಕೇಳಿದಂತೆ ಅನೇಕರಿಗೆ ಆದದ್ದು ಇದರಿಂದಲೇ.

ಗ್ರಾಮಫೋನ್ ರೆಕಾರ್ಡಿನ ಕಾಲದಲ್ಲಿ ಪಶ್ಚಿಮದಲ್ಲೂ ಸ್ಥಿತಿ ಹೀಗೆಯೇ ಇತ್ತು. ಮಂದ್ರದ ಅಲೆ ದೊಡ್ಡದು. ಅದನ್ನು ಪ್ಲೇಟಿನಲ್ಲಿ ಕೊರೆದರೆ ಗೆರೆ ಅಗಲವಾಗಿ ಓಲಾಡುತ್ತದೆ, ಮುಳ್ಳು ಹಾರಿಬೀಳುವ ಭಯ. ಆದ್ದರಿಂದ ಎಂಜಿನಿಯರುಗಳೇ ಬೇಸನ್ನು ತಗ್ಗಿಸುತ್ತಿದ್ದರು. ಬೀಟಲ್ಸ್ ತಂಡದ 1966ರ ‘ಪೇಪರ್‌ಬ್ಯಾಕ್ ರೈಟರ್’ ಧ್ವನಿಮುದ್ರಣದಲ್ಲಿ ಎಂಜಿನಿಯರ್ ಜೆಫ್ ಎಮರಿಕ್ ಒಂದು ಸ್ಪೀಕರನ್ನೇ ಮೈಕಿನಂತೆ ತಿರುಗಿಸಿ ಇಟ್ಟು ಪಾಲ್ ಮೆಕಾರ್ಟ್ನಿಯ ಬೇಸಿನ ದನಿ ಹಿಡಿದದ್ದು ಆ ನಿರ್ಬಂಧವನ್ನು ಮೀರುವ ಯತ್ನವಾಗಿತ್ತು.

ಕಳುವಾದ ಮೂರು ವಾದ್ಯಗಳು

ಇಂದು ಎರಡೂ ದೂರುಗಳಿಗೆ ಉತ್ತರ ಸಿಕ್ಕಿದೆ ಎನ್ನಬಹುದು. ‘ಕ್ಲಾಸ್ ಡಿ’ ತಂತ್ರಜ್ಞಾನದ ಆಂಪ್ಲಿಫಯರುಗಳು ನಾನೂರು, ಐನೂರು ವ್ಯಾಟಿನ ಶಕ್ತಿ ಕೊಟ್ಟರೂ ಎರಡು ಮೂರು ಕಿಲೋ ತೂಗುತ್ತವೆ. ವಾದ್ಯದ ಚೀಲದ ಜೇಬಿನಲ್ಲೇ ಹಿಡಿಯುತ್ತವೆ. ನಿಯೋಡಿಮಿಯಂ ಅಯಸ್ಕಾಂತದ ಸ್ಪೀಕರ್ ಹಳೆಯದರ ಅರ್ಧ ತೂಕ. ಹಲವು ವೇದಿಕೆಗಳಲ್ಲಿ ಪೆಟ್ಟಿಗೆಯೇ ಇಲ್ಲ. ವಾದಕನ ಕಿವಿಯೊಳಗೊಂದು ಇಯರ್‌ಫೋನ್, ಜನರಿಗೆ ಸಭಾಂಗಣದ ಧ್ವನಿವರ್ಧಕ. ಆದರೂ ತೊಂದರೆಗೆ ಕೊನೆಯಿಲ್ಲ. ವಾದ್ಯದೊಳಗೇ ಪುಟ್ಟ ಆಂಪ್ಲಿಫಯರ್ ಇಟ್ಟು 1976ರಲ್ಲಿ ಮ್ಯೂಸಿಕ್‌ಮನ್ ಕಂಪನಿ ತಂದ ಸ್ಟಿಂಗ್‌ರೇ ಬೇಸಿನಿಂದೀಚೆಗೆ 9 ವೋಲ್ಟಿನ ಬ್ಯಾಟರಿಯ ಚಿಂತೆ ಸೇರಿಕೊಂಡಿದೆ. ಕಾರ್ಯಕ್ರಮ ಮುಗಿದ ಮೇಲೆ ವಾದ್ಯದಿಂದ ಕೇಬಲ್ ಕೀಳಲು ಮರೆತರೆ ಬ್ಯಾಟರಿ ಸೋರಿಹೋಗಿ, ಮರುದಿನ ಹಾಡಿನ ನಡುವೆ ದನಿ ಸತ್ತುಹೋಗುತ್ತದೆ. ಆದ್ದರಿಂದ ಅನುಭವಸ್ಥರ ಚೀಲದಲ್ಲಿ ಒಂದು ಹೆಚ್ಚುವರಿ ಬ್ಯಾಟರಿ, ಒಂದು ಕೇಬಲ್, ಒಂದು ಜೊತೆ ತಂತಿ ಇದ್ದೇ ಇರುತ್ತದೆ.

ಸಲಕರಣೆ ಬದಲಾದಷ್ಟು ಬೇಗ ಬದಲಾಗದ್ದು ವಾದಕನ ಸ್ಥಾನ. ಮೋಟೌನ್ ಕಂಪನಿ ತನ್ನ ರೆಕಾರ್ಡುಗಳ ಮೇಲೆ ಸ್ಟುಡಿಯೋ ವಾದಕರ ಹೆಸರನ್ನು ಅಚ್ಚು ಹಾಕಿಸುತ್ತಿರಲಿಲ್ಲ. ಜೇಮರ್ಸನ್ ಹೆಸರು ಹೊದಿಕೆಯ ಮೇಲೆ ಕಾಣಿಸಿಕೊಂಡದ್ದು 1971ರ ‘ವಾಟ್ಸ್ ಗೋಯಿಂಗ್ ಆನ್’ ಧ್ವನಿಮುದ್ರಿಕೆಯಲ್ಲಿ. ಅಷ್ಟರಲ್ಲಿ ಲೋಕವೆಲ್ಲ ಆತನ ದನಿಗೆ ಹತ್ತು ವರ್ಷ ಕುಣಿದಾಗಿತ್ತು. ನಮ್ಮ ಸಿನಿಮಾಗಳಲ್ಲೂ ಗಾಯಕರ, ಸಂಗೀತ ನಿರ್ದೇಶಕರ ಹೆಸರುಗಳು ತೆರೆಯ ಮೇಲೆ ಮೂಡಿದವು. ವಾದಕರ ಹೆಸರು ಅಪರೂಪ.

ಈ ಚರಿತ್ರೆಯಲ್ಲಿ ಮೂರು ಕಳವುಗಳಿವೆ. ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಸುಮಾರು 30 ಪೌಂಡಿಗೆ ಕೊಂಡಿದ್ದ, ಪಿಟೀಲಿನ ಆಕಾರದ ಹೋಫ್ನರ್ ಬೇಸ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಯಿತು. ಅದು ಯಾರದೋ ಮನೆಯ ಅಟ್ಟದಲ್ಲಿತ್ತು; ಅಭಿಮಾನಿಗಳು ನಡೆಸಿದ ಹುಡುಕಾಟದಿಂದ ಮರಳಿ ಆತನ ಕೈಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಪಾಸ್ಟೋರಿಯಸ್‌ನ ಎಪಾಕ್ಸಿ ಬಳಿದ ಬೇಸ್ 1986ರಲ್ಲಿ ನ್ಯೂಯಾರ್ಕಿನಲ್ಲಿ ಕಾಣೆಯಾಯಿತು. ಮರುವರ್ಷ ಆತ ತೀರಿಕೊಂಡ. ಸುಮಾರು ಎರಡು ದಶಕಗಳ ಮೇಲೆ ವಾದ್ಯ ಪತ್ತೆಯಾಗಿ, ಮೆಟಾಲಿಕಾ ತಂಡದ ರಾಬರ್ಟ್ ಟ್ರುಹಿಯೋ ಹಣ ಕೊಟ್ಟು ಬಿಡಿಸಿ ಪಾಸ್ಟೋರಿಯಸ್ ಕುಟುಂಬಕ್ಕೆ ದೊರಕಿಸಿಕೊಟ್ಟ. ಮೂರನೆಯದು ಜೇಮರ್ಸನ್‌ನ 1962ರ ಪ್ರಿಸಿಷನ್. 1983ರ ಆಗಸ್ಟ್ 2ರಂದು ಲಾಸ್ ಏಂಜಲೀಸಿನಲ್ಲಿ ಆತ 47ನೆಯ ವಯಸ್ಸಿನಲ್ಲಿ ಸಾಯುವುದಕ್ಕೆ ಕೆಲವೇ ದಿನಗಳ ಮುಂಚೆ ಅದು ಕಳುವಾಯಿತು. ಅದು ಈವರೆಗೆ ಸಿಕ್ಕಿಲ್ಲ.

2000ದಲ್ಲಿ ಜೇಮರ್ಸನ್‌ಗೆ ಅಮೆರಿಕದ ರಾಕ್ ಅಂಡ್ ರೋಲ್ ಕೀರ್ತಿಮಂದಿರದಲ್ಲಿ ಸ್ಥಾನ ದೊರೆಯಿತು. 2002ರಲ್ಲಿ ಆತನನ್ನೂ ಜೊತೆಗಾರರನ್ನೂ ಕುರಿತ ಸಾಕ್ಷ್ಯಚಿತ್ರ ಬಂತು. ಆತನ ದಪ್ಪ ಚಪ್ಪಟೆ ತಂತಿಗಳ ನಕಲನ್ನು ಇಂದು ಆತನ ಹೆಸರಿನಲ್ಲೇ ಮಾರುತ್ತಾರೆ. ಬದುಕಿದ್ದಾಗ ಹೊದಿಕೆಯ ಮೇಲೆ ಹಿಡಿಸದಿದ್ದ ಹೆಸರು ಈಗ ತಂತಿಯ ಪೊಟ್ಟಣದ ಮೇಲಿದೆ. ಆ ಪೊಟ್ಟಣ ಕೊಂಡವರಿಗೆ ದನಿ ಸಿಕ್ಕೀತು, ಆದರೆ ಹಾಡಿನ ಬುಡ ಹಿಡಿದು ನಿಲ್ಲುವ ಆ ಒಂದು ಬೆರಳು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ.